ಕಿರೀಟದವಳ ಸೋಪು

ಓಣಿಯವರು ಅವಳನ್ನು ಕರೆಯುತ್ತಿದ್ದದ್ದೇ ಕಿರೀಟ ಎಂದು. ಸೌಂದರ್ಯ ಸ್ಪರ್ಧೆ ಗೆದ್ದು ಬಂದ ದಿನ ನೋಡಲು ನೂಕಾಡಿದ ಜನಕ್ಕೆ ಓಣಿ ಎರಡಡಿ ಹೆಚ್ಚು ಅಗಲವಾಯಿತಂತೆ. ನಂಬದಿದ್ದರೆ ಹೋಗಿ ಅಳೆದು ನೋಡಿ, ಈಗಲೂ ಹಾಗೇ ಇದೆ.

ಸ್ಪರ್ಧೆ ಅವಳಿಗೆ ಕಲಿಸಿದ್ದು ಒಂದೇ ವಿದ್ಯೆ. ತರಬೇತಿಯ ಹೆಂಗಸು ಹಲ್ಲಿಗೆ ವ್ಯಾಸಲೀನ್ ಸವರಿ, "ತುಟಿ ಅಂಟಬಾರದು ಕಣೇ. ಚಪ್ಪಲಿ ಕಚ್ಲಿ, ತೀರ್ಪುಗಾರ ಕೆಟ್ಟ ಪ್ರಶ್ನೆ ಕೇಳ್ಲಿ, ಸಿಟ್ಟು ಬಂದಷ್ಟೂ ನಗು" ಎಂದು ತಿದ್ದಿದ್ದಳು. ಕಿರೀಟ ಮರುವರ್ಷ ಇನ್ನೊಬ್ಬಳ ತಲೆಗೆ ಹೋಯಿತು. ನಗು ಮಾತ್ರ ಇವಳ ಮುಖ ಬಿಡಲಿಲ್ಲ. ಗಂಡ ಬಿಟ್ಟುಹೋದಾಗಲೂ ಬಾಗಿಲಲ್ಲಿ ನಿಂತು ನಕ್ಕಳು. ಪಕ್ಕದ ಮನೆಯವರು, ಪಾಪ ಏನೋ ಜೋಕು ಹೇಳಿ ಹೊರಟ ಎಂದುಕೊಂಡರು.

ಆಮೇಲೆ ಅವಳು ಅಮ್ಮನ ಅಡುಗೆಮನೆಯಲ್ಲಿ ಸೋಪು ಮಾಡಲು ಕೂತಳು. ಎಣ್ಣೆಗೆ ಕಾಸ್ಟಿಕ್ ಸೋಡಾದ ನೀರು ಬೆರೆಸಿ, ಅಚ್ಚಿಗೆ ಹೊಯ್ದು, ಕತ್ತರಿಸಿ, ವಾರಗಟ್ಟಲೆ ಹಲಗೆಯ ಮೇಲೆ ಆರಿಸಬೇಕು. ಹದ ಬಂತೋ ಇಲ್ಲವೋ ನೋಡಲು ನಾಲಿಗೆ ತುದಿಗೆ ಮುಟ್ಟಿಸುತ್ತಿದ್ದಳು. ಚುರುಕ್ ಎಂದರೆ ಕಾಸ್ಟಿಕ್ ಇನ್ನೂ ಇದೆ, ಮೈಗೆ ಹಚ್ಚಿದರೆ ಸುಡುತ್ತದೆ. ಎಷ್ಟು ಸೋಪು ನೆಕ್ಕಿದಳೆಂದರೆ, ಕೆಮ್ಮಿದರೆ ಬಾಯಿಂದ ಗುಳ್ಳೆ ಹಾರುತ್ತಿತ್ತು. ಅಡುಗೆಮನೆ ಶೆಡ್ಡಾಯಿತು, ಶೆಡ್ಡು ಕಾರ್ಖಾನೆಯಾಯಿತು. ಮಾರಾಟ ನೋಡಿಕೊಳ್ಳಲು ಅಣ್ಣ ಬಂದ.

ಒಂದು ಬೆಳಿಗ್ಗೆ ಬಂದು ನೋಡಿದರೆ ಹಲಗೆಗಳೆಲ್ಲ ಬರಿದು. ಮೊನ್ನೆ ಮೊನ್ನೆ ಕತ್ತರಿಸಿದ ಸೋಪು ಹೊಸ ಕಾಗದ ಸುತ್ತಿಕೊಂಡು ಲಾರಿ ಏರುತ್ತಿದೆ. ಕಾಗದದ ಮೇಲೆ ಕಿರೀಟ ತೊಟ್ಟ ಅವಳದೇ ಹಳೆಯ ಫೋಟೋ. ಲಾರಿಯ ಪಕ್ಕ ಅಣ್ಣ, ಅವನ ಜೊತೆಗೆ ಸೋಪು ಕೊಳ್ಳಲು ಬಂದ ದೊಡ್ಡ ಅಂಗಡಿಯ ಮಾಲೀಕ.

"ಯಾರನ್ನ ಕೇಳಿ ಕಳಿಸ್ತಿದ್ದೀಯಾ ಅಣ್ಣ?"

"ನಿನ್ನನ್ನೇ ಕೇಳಿದ್ನಲ್ಲ ಪುಟ್ಟಿ! ಆರೋಕ್ ಮುಂಚೆನೇ ಕಳಿಸೋಣ್ವಾ, ನಿನ್ನ ಫೋಟೋನೂ ಹಾಕ್ಸೋಣ್ವಾ ಅಂದೆ. ನೀನು ನಕ್ಕೆ."

ನಕ್ಕಿದ್ದಳು, ನಿಜ. ಸಿಟ್ಟು ಬಂದಿತ್ತು, ಅದಕ್ಕೇ ನಕ್ಕಿದ್ದಳು. ಇಷ್ಟು ವರ್ಷ ಎಲ್ಲರೂ ಅದನ್ನೇ ಹೂಂ ಅಂದುಕೊಂಡು ಹೋದರು. ಗಂಡ ಹೋದ, ಈಗ ಸೋಪೂ ಹೊರಟಿದೆ.

"ಅಯ್ಯೋ ಬಿಡಿ ಮೇಡಂ," ಎಂದ ಮಾಲೀಕ. "ಜನ ಫೋಟೋ ನೋಡಿ ತಗೋತಾರೆ, ಸೋಪ್ ಯಾರ್ ನೋಡ್ತಾರೆ? ಎಲ್ಲಿ, ಒಂದ್ ಸ್ಮೈಲ್ ಕೊಡಿ."

ತುಟಿ ತಾನಾಗಿಯೇ ಅಗಲವಾಗತೊಡಗಿತು. ಲಾರಿಯಿಂದ ಕೈಗೆತ್ತಿಕೊಂಡ ಸೋಪಿನ ಮೇಲೂ ಅದೇ ನಗು. ಅವಳು ಬಾಯಿ ಬಿಗಿಯಾಗಿ ಮುಚ್ಚಿದಳು. ಕಾಗದವನ್ನು ಪರ್ ಎಂದು ಹರಿದಳು.

"ಅಣ್ಣ, ನಾಲಿಗೆ ಚಾಚು."

"ಎಲ್ಲರ ಮುಂದೆನಾ? ಏನೇ ಇದು!"

"ಚಾಚು ಅಂದೆ!"

ಆ ದನಿಗೆ ಲಾರಿಯ ಎಂಜಿನ್ನೂ ಆಫ್ ಆಯಿತಂತೆ. ಅಣ್ಣ ಚಾಚಿದ. ಸೋಪು ಮುಟ್ಟಿದ್ದೇ ತಡ ಎಗರಿ ಬಿದ್ದು, "ಉರಿ, ಉರಿ, ಸತ್ತೆ!" ಎಂದು ನಲ್ಲಿಯತ್ತ ಓಡಿದ.

"ಇದನ್ನ ಯಾರೋ ತಾಯಿ ನನ್ನ ಮುಖ ನಂಬಿ ಮಗು ಮೈಗೆ ಹಚ್ತಾಳೆ!" ಎಂದು ಅವನ ಬೆನ್ನಿಗೆ ಕೂಗಿ, ಕೂಲಿಯವರತ್ತ ತಿರುಗಿದಳು. "ಎಲ್ಲಾ ಇಳಿಸ್ರಪ್ಪಾ!"

"ಹೀಗೆ ಮುಖ ಗಂಟು ಹಾಕ್ಕೊಂಡ್ರೆ ಚೆನ್ನಾಗ್ ಕಾಣಲ್ಲ ಮೇಡಂ. ಇನ್ನೊಂದ್ ಸಲ ನಾನು ಬರಲ್ಲ."

"ಬರಬೇಡಿ."

ಲಾರಿ ಬರಿದೇ ಹೋಯಿತು. ಅವಳು ನೆಲದ ಮೇಲೆ ಕೂತು, ಒಂದೊಂದೇ ಸೋಪಿನಿಂದ ತನ್ನ ಮುಖವನ್ನು ಕಿತ್ತು ಎಸೆಯತೊಡಗಿದಳು. ಅಣ್ಣ ಬಾಯಿ ಒರೆಸಿಕೊಳ್ಳುತ್ತ ಬಂದು ಪಕ್ಕ ನಿಂತ.

"ಇನ್ನೂ ಸಿಟ್ಟಾ ಪುಟ್ಟಿ?"

"ಮುಖ ನೋಡಿದ್ರೆ ಗೊತ್ತಾಗಲ್ವಾ?"

ಅವನು ನೋಡಿದ. ಸೋಪುಗಳನ್ನು ಬಾಚಿಕೊಂಡು ಹೋಗಿ ಹಲಗೆಯ ಮೇಲೆ ಆರಲು ಜೋಡಿಸತೊಡಗಿದ.