ಅವ್ವನಿಗೆ ಒಗ್ಗದ ಗಾಡಿ

ಮೊದಲು ಗಾಡಿ ಕೊಂಡವಳು ನಾನು. ಇದನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಬಳಗದಲ್ಲಿ ಈಗ ಇದು ಯಾರಿಗೂ ನೆನಪಿಲ್ಲ. ದಾಂಡೇಲಿಯ ಅಂಬೇವಾಡಿಯಲ್ಲಿರುವ ನಮ್ಮ ಮನೆಯ ಮುಂದೆ ಬಿಳಿ ಬಣ್ಣದ ಡೀಸೆಲ್ ಎಸ್‌ಯುವಿ ಬಂದು ನಿಂತಾಗ ಮುಂಡಗೋಡಿನ ನನ್ನ ತಂಗಿಯ ಮನೆಯಲ್ಲಿ ಒಂದು ಬೈಕು, ಒಂದು ಟ್ರ್ಯಾಕ್ಟರು ಬಿಟ್ಟರೆ ಬೇರೇನೂ ಇರಲಿಲ್ಲ. ಅವಳು ಬಂದಳು, ಸುತ್ತ ತಿರುಗಿ ನೋಡಿದಳು, ಬಾನೆಟ್ಟಿನ ಮೇಲೆ ಕೈಯಾಡಿಸಿದಳು, "ಭಾಳ ಛಂದ ಐತಿ ಬಿಡಕ್ಕಾ" ಎಂದಳು. ಮುಂದಿನ ದೀಪಾವಳಿಗೆ ಅವಳೂ ಅದನ್ನೇ ತಂದಳು. ಅದೇ ಕಂಪನಿ, ಅದೇ ಮಾಡೆಲ್ಲು. ಬಣ್ಣವಾದರೂ ಬೇರೆ ತರಬಾರದಿತ್ತೇ? ಅದೂ ಬಿಳಿ. ಕೇಳಿದರೆ, "ನಿನ್ನ ಗಾಡಿ ನೋಡೇ ಮನಸಾತು ಅಕ್ಕಾ" ಎಂದು ನಕ್ಕಳು. ಹೊಗಳಿಕೆ ಅಂತ ತಿಳಿದುಕೋ ಎಂದರು ನನ್ನ ಗಂಡ. ನನಗೆ ಹೊಟ್ಟೆ ಉರಿಯಿತು.

ಬರೀ ಗಾಡಿಯ ಮಾತಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದೆ. ಇದು ಅವ್ವನ ಮಾತು. ಅವ್ವ ಹಳಿಯಾಳದ ಹತ್ತಿರದ ಹಳ್ಳಿಯೊಂದರಲ್ಲಿ ನನ್ನ ತಮ್ಮನ ಜೊತೆ ಇದ್ದಾಳೆ. ಈಗಲೂ ಭತ್ತದ ಗದ್ದೆಗೆ ಇಳಿಯುತ್ತಾಳೆ, ಸಂತೆಗೆ ಹೋದರೆ ಒಬ್ಬರ ಜೊತೆಯಾದರೂ ಜಗಳ ತೆಗೆದೇ ಬರುತ್ತಾಳೆ. ನನ್ನನ್ನು ದೊಡ್ಡಾಕಿ ಎನ್ನುತ್ತಾಳೆ, ತಂಗಿಯನ್ನು ಸಣ್ಣಾಕಿ. ನಾನು ಗಾಡಿ ಕೊಂಡದ್ದೇ ಅರ್ಧ ಅವ್ವನಿಗಾಗಿ. ಅವಳು ನನ್ನ ಪಕ್ಕದ ಸೀಟಿನಲ್ಲಿ ಕೂತು ನನ್ನ ಮನೆಗೆ ಬರಬೇಕು, ನಾಲ್ಕು ದಿನ ಇದ್ದು ಹೋಗಬೇಕು, ನಾನು ಬಯಸಿದ್ದು ಅಷ್ಟೇ. ಆದರೆ ನನ್ನ ಗಾಡಿ ಹತ್ತಿದರೆ ಅವ್ವನಿಗೆ ವಾಂತಿ. ತಂಗಿಯ ಗಾಡಿಯಲ್ಲಿ ಕೂತರೆ ಏನೂ ಇಲ್ಲ.

ಮೊದಲ ದಿನವೇ ಹಾಗಾಯಿತು. ಗಾಡಿಯನ್ನು ಅವ್ವನ ಕೈಯಿಂದಲೇ ಪೂಜೆ ಮಾಡಿಸಬೇಕೆಂದು ಹಳ್ಳಿಗೆ ಒಯ್ದಿದ್ದೆ. ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಟ್ಟೆವು, ಅವ್ವ ಕಾಯಿ ಒಡೆದಳು, ನಾನು ಬಂಪರಿನ ಮೇಲೆ ಸಿಡಿದ ಕಾಯಿನೀರನ್ನು ಆಗಲೇ ಒರೆಸಿಕೊಂಡೆ. ಅವ್ವನನ್ನು ಮುಂದೆ ಕೂರಿಸಿಕೊಂಡು ದಾಂಡೇಲಿಗೆ ಹೊರಟೆ. ಹಳಿಯಾಳ ದಾಟುವಷ್ಟರಲ್ಲಿ ಅವಳ ಮುಖ ಬಿಳಚಿಕೊಂಡಿತು. "ನಿಲ್ಸವಾ, ನಿಲ್ಸು" ಎಂದಳು. ರಸ್ತೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ವಾಂತಿ ಮಾಡಿಕೊಂಡಳು. ಮುಖ ತೊಳೆದುಕೊಂಡು ಎದ್ದವಳು ಅಂದು ಮತ್ತೆ ಗಾಡಿ ಹತ್ತಲಿಲ್ಲ. ಹಿಂದಿನಿಂದ ಬಂದ ದಾಂಡೇಲಿ ಬಸ್ಸಿಗೆ ಕೈ ಮಾಡಿದಳು. "ನೀ ಹಿಂದ ಬಾ, ನಾ ಇದರಾಗ ಬರ್ತೇನಿ" ಎಂದು ಹತ್ತಿಯೇಬಿಟ್ಟಳು. ಹೊಸ ಗಾಡಿಗೆ ಹಾಕಿದ ಚೆಂಡುಹೂವಿನ ಮಾಲೆಯ ಸಮೇತ ನಾನು ಆ ಬಸ್ಸಿನ ಹೊಗೆ ಕುಡಿಯುತ್ತ ಹಿಂದೆ ಹಿಂದೆ ಬಂದೆ. ಬಸ್ಸಿನಲ್ಲಿ ಅವ್ವನಿಗೆ ಏನೂ ಆಗಲಿಲ್ಲ. ಸ್ಟ್ಯಾಂಡಿನಲ್ಲಿ ಇಳಿಯುವಾಗ ಕಂಡಕ್ಟರನ ಜೊತೆ ನಗುತ್ತ ಇಳಿದಳು. ಆಮೇಲೂ ಎರಡು ಸಲ ನನ್ನ ಗಾಡಿಗೆ ಹತ್ತಿಸಿ ನೋಡಿದೆ, ಎರಡು ಸಲವೂ ಅದೇ ಕಥೆ.

ನನ್ನ ಗಾಡಿಯಲ್ಲಿ ಏನು ಕೊರತೆಯಿತ್ತು? ನಾನು ಅಂಬಿಕಾನಗರದ ಶಾಲೆಯಲ್ಲಿ ಪಾಠ ಮಾಡುತ್ತೇನೆ. ದಿನವೂ ಕಾಡಿನ ದಾರಿಯಲ್ಲಿ ಹೋಗಿ ಬಂದರೂ ನನ್ನ ಗಾಡಿಯ ಮೇಲೆ ಒಂದು ಕಲೆಯೂ ಇರುವುದಿಲ್ಲ. ಅಲ್ಲಿಯ ಮಂಗಗಳಿಗೆ ಗಾಡಿಯ ಕನ್ನಡಿಯೆಂದರೆ ಆಗುವುದಿಲ್ಲ. ಒಳಗೆ ಇನ್ನೊಂದು ಮಂಗ ಕೂತಿದೆಯೆಂದು ಕೆರಳಿ ಗುದ್ದಿ ಗುದ್ದಿ ಒಡೆಯುತ್ತವೆ. ಅದಕ್ಕೇ ಗಾಡಿ ನಿಲ್ಲಿಸಿದ ಕೂಡಲೇ ಎರಡೂ ಕನ್ನಡಿಗೆ ಗಂಡನ ಹಳೆಯ ಕಾಲುಚೀಲ ತೊಡಿಸುತ್ತೇನೆ. "ತನ್ನಂಥಾದ್ದ ಇನ್ನೊಂದು ಕಂಡ್ರ ಮಂಗ್ಯಾಗೂ ತಡಿಯಂಗಿಲ್ಲ ನೋಡು" ಎಂದು ಅವರು ತಂಗಿಯ ಗಾಡಿಯನ್ನು ನೆನೆಸಿಕೊಂಡು ನನ್ನನ್ನು ಚುಚ್ಚುತ್ತಾರೆ. ಕಾಗದದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದು ಮಲಗುವ ಮನುಷ್ಯ, ಗಾಡಿಗೆ ಒಂದು ಬಕೆಟ್ ನೀರು ಹಾಕಿದವರಲ್ಲ. ಮಾತಿಗೇನೂ ಕಡಿಮೆಯಿಲ್ಲ.

ಮಳೆಗಾಲದಲ್ಲಿ ಇಲಿಗಳು ಬಾನೆಟ್ಟಿನೊಳಗೆ ಸೇರಿ ವೈರು ಕಡಿಯುತ್ತವೆ. ಒಮ್ಮೆ ಕಡಿದು, ಗಾಡಿಯನ್ನು ಹುಬ್ಬಳ್ಳಿಗೆ ಎಳೆಸಿಕೊಂಡು ಹೋಗಬೇಕಾಯಿತು. ಅಂದಿನಿಂದ ಬಟ್ಟೆಯಲ್ಲಿ ತಂಬಾಕಿನ ಎಲೆ ಕಟ್ಟಿ ಒಳಗೆ ಇಡುತ್ತೇನೆ, ವಾಸನೆಗೆ ಇಲಿ ಬರುವುದಿಲ್ಲ. ಅವ್ವ ಒಮ್ಮೆ ಅದನ್ನು ಕಂಡು, "ಇಷ್ಟು ಚಲೋ ತಂಬಾಕ ಇಲಿಗೆ ಹಾಕ್ತಿಯಲ್ಲವಾ, ನನಗಾರ ಕೊಡು" ಎಂದು ಒಂದು ಎಲೆ ಮುರಿದು ಸೊಂಟದ ಚೀಲಕ್ಕೆ ಸೇರಿಸಿದಳು. ಸರ್ವಿಸಿಂಗಿಗೆ ಒಂದು ದಿನವೂ ತಡ ಮಾಡಿದವಳಲ್ಲ ನಾನು. ಶೋರೂಮಿನಿಂದ ಬರುವಾಗ ಸೀಟುಗಳ ಮೇಲೆ ಇದ್ದ ಪ್ಲಾಸ್ಟಿಕ್ಕನ್ನು ಹಾಗೇ ಉಳಿಸಿದ್ದೆ. ನಮ್ಮ ಕಡೆ ಎಲ್ಲರೂ ಉಳಿಸುತ್ತಾರೆ, ಆದರೆ ನನ್ನ ಹಾಗೆ ಎರಡು ಮಳೆಗಾಲ ಯಾರೂ ಉಳಿಸಿರಲಿಕ್ಕಿಲ್ಲ. ಗಾಜು ಸದಾ ಮುಚ್ಚಿರುತ್ತಿತ್ತು, ಎಸಿ ಹಾಕಿರುತ್ತಿದ್ದೆ, ಎದುರಿಗೆ ಮಲ್ಲಿಗೆ ವಾಸನೆಯ ಡಬ್ಬಿ ಇರುತ್ತಿತ್ತು.

ತಂಗಿಯ ಗಾಡಿ ನೋಡಬೇಕು. ಹಿಂದಿನ ಸೀಟು ಮಡಚಿ ಗೋವಿನಜೋಳದ ಚೀಲ ಹೇರುತ್ತಾರೆ. ಸೀಟಿನ ಸಂದಿಯಲ್ಲಿ ಕೋಳಿಯ ಪುಕ್ಕ ಸಿಕ್ಕಿದೆ, ನಾನೇ ಕಣ್ಣಾರೆ ಕಂಡಿದ್ದೇನೆ. ತೊಳೆಯುವುದಿಲ್ಲವೇನೇ ಎಂದರೆ, "ಮಳಿ ಬಂದಾಗ ಅದ ತೊಳ್ಕೋತೈತಿ ಬಿಡಕ್ಕಾ" ಎನ್ನುತ್ತಾಳೆ. ಸರ್ವಿಸಿಂಗಿನ ನೆನಪೇ ಅವಳಿಗೆ ಇರುವುದಿಲ್ಲ. ಆದರೂ ಆ ಗಾಡಿ ಒಂದು ದಿನವೂ ದಾರಿಯಲ್ಲಿ ನಿಂತದ್ದಿಲ್ಲ. ಇಲಿಯೂ ಅದರ ಗೊಡವೆಗೆ ಹೋಗಿಲ್ಲ. ದೇವರಿಗೆ ಕಣ್ಣಿದೆಯೇ ಎಂದು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ಬಸುರಿಯಾಗಿದ್ದ ತಮ್ಮನ ಹೆಂಡತಿಯ ಕುಬಸದ ಕಾರ್ಯಕ್ಕೆ ಎಲ್ಲರೂ ಹಳ್ಳಿಯಲ್ಲಿ ಸೇರಿದ್ದಾಗ ಎರಡೂ ಗಾಡಿ ಅಂಗಳದಲ್ಲಿ ಅಕ್ಕಪಕ್ಕ ನಿಂತಿದ್ದವು. ಅದಕ್ಕೂ ಹಿಂದಿನ ವಾರ ಅವ್ವ ತಂಗಿಯ ಜೊತೆ ಮುಂಡಗೋಡಿಗೆ ಹೋಗಿ ಬಂದಿದ್ದಳು. ತಂಗಿಯ ಗಾಡಿಯ ಎಡಗಡೆ ಬಾಗಿಲಿನ ಮೇಲೆ, ಕಿಟಕಿಯಿಂದ ಹಿಂದಿನ ಗಾಲಿಯವರೆಗೆ, ಕೆಂಪಗೆ ಒಂದು ಉದ್ದನೆಯ ಕಲೆಯಿತ್ತು. ಅವ್ವ ಎಲೆಯಡಿಕೆ ಹಾಕಿಕೊಂಡು, ಗಾಜು ಇಳಿಸಿಕೊಂಡು, ಹರಟೆ ಹೊಡೆಯುತ್ತ, ದಾರಿಯುದ್ದಕ್ಕೂ ಉಗುಳಿಕೊಂಡು ಹೋಗಿದ್ದಾಳೆ. ಅದನ್ನು ನೋಡುತ್ತ ನಿಂತೆ. ಬೇರೆ ಯಾರ ಗಾಡಿಯ ಮೇಲಾದರೂ ಕಂಡಿದ್ದರೆ ಛೀ ಅನ್ನುತ್ತಿದ್ದೆ. ಅಂದು ಮಾತ್ರ ನನಗೆ ಆ ಕಲೆಯ ಮೇಲೆ ಹೊಟ್ಟೆಕಿಚ್ಚಾಯಿತು. ನನ್ನ ಗಾಡಿಯ ಬಾಗಿಲು ಪಕ್ಕದಲ್ಲೇ ಫಳಫಳ ಹೊಳೆಯುತ್ತಿತ್ತು.

ಇನ್ನೊಂದು ಸಲ ಅವ್ವನಿಗೆ ಜೋಯಿಡಾದಲ್ಲಿರುವ ತನ್ನ ತಂಗಿಯನ್ನು ನೋಡಬೇಕೆನಿಸಿತು. ಜೋಯಿಡಾ ನನಗೆ ಹತ್ತಿರ. ಹಳಿಯಾಳಕ್ಕೆ ಹೋಗಿ ಅವ್ವನನ್ನು ಕರೆದುಕೊಂಡು ಬರುವುದು ನನಗೆ ಯಾವ ದೊಡ್ಡ ಕೆಲಸ? ಅವ್ವ ನನಗೆ ಹೇಳಲೇ ಇಲ್ಲ. ತಂಗಿ ಅಷ್ಟು ದೂರದ ಮುಂಡಗೋಡಿನಿಂದ ಬಂದು, ಅವ್ವನನ್ನು ಹತ್ತಿಸಿಕೊಂಡು, ದಾಂಡೇಲಿಯ ಮೇಲೆಯೇ ಹಾಯ್ದು ಹೋಗುವಾಗ ನಮ್ಮ ಗೇಟಿನ ಮುಂದೆ ಹಾರ್ನ್ ಹೊಡೆದಳು. ಹೊರಗೆ ಬಂದು ನೋಡಿದರೆ ಅವ್ವ ಮುಂದಿನ ಸೀಟಿನಲ್ಲಿ ಕಾಲು ಮಡಚಿಕೊಂಡು ಆರಾಮಾಗಿ ಕೂತಿದ್ದಾಳೆ.

"ಬಾ ದೊಡ್ಡಾಕಿ, ನೀನೂ ಹತ್ತು. ಎಲ್ಲಾರೂ ಕೂಡಿ ಹೋಗೂಣು."

"ನನಗ ಸಾಲಿ ಐತಿ" ಎಂದೆ.

ಅಂದು ಭಾನುವಾರ. ಅವರು ಹೋದ ಮೇಲೆ ನಾನು ಪೈಪು ಹಿಡಿದು, ಹಿಂದಿನ ಸಂಜೆಯಷ್ಟೇ ತೊಳೆದಿದ್ದ ಗಾಡಿಯನ್ನು ಮತ್ತೆ ತೊಳೆದೆ.

ಈ ವರ್ಷ ಅವ್ವನ ಕಣ್ಣಿಗೆ ಪೊರೆ ಬಂತು. ಎರಡೂ ಕಣ್ಣು ಮಂಜಾಗಿದ್ದವು. ಮೊದಲು ಬಲಗಣ್ಣಿನ ಆಪರೇಷನ್ ಮಾಡುವುದೆಂದು ಧಾರವಾಡದ ಡಾಕ್ಟರು ಹೇಳಿದರು. ಕರೆದುಕೊಂಡು ಹೋದವಳು ಯಾರು? ಸಣ್ಣಾಕಿ. ನಾನು ಆಪರೇಷನ್ನಿನ ಮರುದಿನ ಬೆಳಿಗ್ಗೆ ನನ್ನ ಗಾಡಿ ತೆಗೆದುಕೊಂಡು ಹೋದೆ. ಹೋಗುವ ಮೊದಲು ಸೀಟುಗಳ ಪ್ಲಾಸ್ಟಿಕ್ಕನ್ನು ಹರಿದು ಹರಿದು ತೆಗೆದೆ. ಮಲ್ಲಿಗೆಯ ಡಬ್ಬಿಯನ್ನು ಕಿತ್ತು ಎಸೆದೆ. ಗಾಜು ಇಳಿಸಿಕೊಂಡೇ ಧಾರವಾಡ ಮುಟ್ಟಿದೆ. ಒಳಗೆ ಧೂಳು ತುಂಬಿತು, ತುಂಬಲಿ ಎಂದುಕೊಂಡೆ.

ಬಿಡುವಾಗ ಡಾಕ್ಟರು ಎಚ್ಚರಿಕೆ ಹೇಳಿದರು. ಬಗ್ಗಬಾರದು, ಜೋರಾಗಿ ಕೆಮ್ಮಬಾರದು, ವಾಂತಿಯಂತೂ ಆಗಲೇಬಾರದು, ಹೊಸ ಕಣ್ಣಿಗೆ ಒತ್ತಡ ಬೀಳುತ್ತದೆ. ಅವ್ವನನ್ನು ಒಳಗೆ ಮಂಚದ ಮೇಲೆಯೇ ಬಿಟ್ಟು ಹೊರಗೆ ಬಂದ ಮೇಲೆ ತಂಗಿ, ಇದೇ ಸರಿಯಾದ ಸಮಯ ಎನ್ನುವಂತೆ, "ಅವ್ವನ್ನ ನಾನ ಮುಂಡಗೋಡಕ್ಕ ಕರ್ಕೊಂಡು ಹೋಗ್ತೇನಿ ಅಕ್ಕಾ. ನಿನ್ನ ಗಾಡ್ಯಾಗ ಏನಾರ ಆತಂದ್ರ ಕಣ್ಣು ಹೋಗ್ತೈತಿ" ಎಂದಳು.

"ನನ್ನ ಗಾಡಿಗೆ ಏನ ರೋಗ ಬಂದೈತೇನ? ಅಕಿ ನನಗೂ ಅವ್ವ ಅದಾಳ. ನಮ್ಮ ಮನಿಗೇ ಬರ್ತಾಳ."

ದವಾಖಾನೆಯ ವರಾಂಡದಲ್ಲಿ ಕೂತಿದ್ದವರು ತಿರುಗಿ ನೋಡುವಷ್ಟು ದನಿ ಏರಿತ್ತು. ತಂಗಿ ನನ್ನ ಮುಖವನ್ನೇ ನೋಡಿದಳು. ನಂತರ ಜಗಳ ಬಿಟ್ಟು ಮೆಲ್ಲಗೆ ಹೇಳಿದಳು.

"ಆತು, ನೀನ ಒಯ್ಯಿ. ಆದ್ರ ನಿನ್ನ ಗಾಡಿ ಅಂತ ಅಕಿಗೆ ಹೇಳಬ್ಯಾಡ. ಹೇಳಿದ್ರ ಹತ್ತೂ ಮೊದಲ ಹೆದರ್ತಾಳ. ನಂದ ಗಾಡಿ ಅಂತ ತಿಳ್ಕೊಂಡು ಮಲಗಲಿ."

ಎರಡೂ ಬಿಳಿ, ಎರಡೂ ಒಂದೇ. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಮಂಜು, ಅವ್ವನಿಗೆ ಗೊತ್ತಾಗುವ ಮಾತೇ ಇರಲಿಲ್ಲ. ಇಬ್ಬರೂ ಅವಳ ರಟ್ಟೆ ಹಿಡಿದು ಕರೆತಂದು ನನ್ನ ಗಾಡಿಯ ಹಿಂದಿನ ಸೀಟಿನಲ್ಲಿ ದಿಂಬಿಟ್ಟು ಮಲಗಿಸಿದೆವು. "ಮಲ್ಕೋ ಬೇ, ಹೊಂಟ್ವಿ" ಎಂದು ತಂಗಿ ಬಾಗಿಲು ಹಾಕಿದಳು. ತನ್ನ ಗಾಡಿ ಹತ್ತಿ ಮುಂಡಗೋಡಿನ ಕಡೆ ಹೋದಳು. ನಾನು ದಾಂಡೇಲಿಯ ದಾರಿ ಹಿಡಿದೆ.

ಅಷ್ಟು ಜೋಪಾನವಾಗಿ ನಾನು ಎಂದೂ ಗಾಡಿ ಓಡಿಸಿರಲಿಲ್ಲ. ತಗ್ಗು ಕಂಡಲ್ಲಿ ಎತ್ತಿನ ಗಾಡಿಗಿಂತ ಮೆಲ್ಲಗೆ ಇಳಿಸಿದೆ. ಕನ್ನಡಿಯಲ್ಲಿ ಮತ್ತೆ ಮತ್ತೆ ಅವ್ವನ ಮುಖ ನೋಡಿದೆ. ಮಲಗಿದ್ದಳು. ಕಾಡು ಶುರುವಾಯಿತು, ಹಳಿಯಾಳವೂ ದಾಟಿತು. ಮೊದಲ ದಿನ ಅವಳು ಕೂತು ವಾಂತಿ ಮಾಡಿಕೊಂಡ ಜಾಗ ದಾಟಿದಾಗ ನನಗೆ ಕೂಗಿ ಹೇಳಬೇಕೆನಿಸಿತು. ಅಂಬೇವಾಡಿಯ ನಮ್ಮ ಗೇಟಿನ ಮುಂದೆ ಗಾಡಿ ನಿಲ್ಲಿಸಿ, ಬಾಗಿಲು ತೆರೆದು, ನೋಡು ಬೇ, ಇಷ್ಟು ಹೊತ್ತು ನೀನು ಮಲಗಿದ್ದು ನನ್ನ ಗಾಡಿಯಲ್ಲಿ ಎನ್ನಬೇಕು. ನಂತರ ತಂಗಿಗೆ ಫೋನು ಮಾಡಬೇಕು. ಫೋನಿನಲ್ಲಿ ಏನೇನು ಹೇಳಬೇಕೆನ್ನುವುದನ್ನೂ ಮನಸ್ಸಿನಲ್ಲೇ ಹೊಂದಿಸಿಕೊಂಡಿದ್ದೆ.

ದಾಂಡೇಲಿ ಇನ್ನೇನು ಬರಬೇಕು, ಹಿಂದಿನಿಂದ ಅವ್ವನ ದನಿ ಬಂತು.

"ಸಣ್ಣಾಕಿ, ಮುಂಡಗೋಡ ಬಂತನ?"

ನನ್ನ ದನಿ, ತಂಗಿಯ ದನಿ ಒಂದೇ ತರಹ. ಫೋನಿನಲ್ಲಿ ಗಂಡಂದಿರೇ ಮೋಸ ಹೋಗುತ್ತಾರೆ. "ಬಂತು ಬೇ, ಮಲ್ಕೋ" ಎಂದೆ.

"ಭಾಳ ಆರಾಮ ಆತವಾ. ಅಕ್ಕನ ಗಾಡಿ ಆಗಿದ್ರ ಇಷ್ಟೊತ್ತಿಗೆ ನನ್ನ ಕರಳ ಬಾಯಿಗೆ ಬರ್ತಿತ್ತು."

ಆಗಲೇ ಹೇಳಿಬಿಡಬಹುದಿತ್ತು. ಹೇಳಿದರೆ ಅಲ್ಲೇ ಹೊಟ್ಟೆ ತೊಳಸಿ ಕಣ್ಣಿಗೆ ಅಪಾಯವಾದೀತು ಎಂಬ ಹೆದರಿಕೆ ಒಂದು. ಅದಕ್ಕಿಂತ ಹೆಚ್ಚಾಗಿ, ನಾನಿಲ್ಲದಾಗ ಇವರಿಬ್ಬರೂ ಏನು ಮಾತಾಡಿಕೊಳ್ಳುತ್ತಾರೆ ಎಂಬುದು ನನಗೆ ಬೇಕಾಗಿತ್ತು. ಎಷ್ಟೋ ದಿನದಿಂದ ಬೇಕಾಗಿತ್ತು.

"ಅಕ್ಕನ ಗಾಡ್ಯಾಗ ಯಾಕ ಹಂಗ ಆಗ್ತೈತಿ ಬೇ?" ಎಂದು ಕೇಳಿದೆ.

ಅವ್ವ ದಿಂಬಿನ ಮೇಲೆ ಮಗ್ಗುಲಾದಳು.

"ಗಾಡಿದೇನ ತಪ್ಪಿಲ್ಲವಾ. ಹತ್ತೂಮುಂದ ಅಕಿ ನನ್ನ ಕಾಲು ನೋಡ್ತಾಳ. ಗದ್ದಿ ಮಣ್ಣು, ಎಷ್ಟ ತಿಕ್ಕಿದ್ರೂ ಹಿಮ್ಮಡದಾಗ ಉಳೀತೈತಿ. ತೊಳ್ಕೊಂಡ ಬಂದ್ರೂ ನೋಡ್ತಾಳ. ಬಾಯಿಲೆ ಏನೂ ಅನ್ನಂಗಿಲ್ಲ, ಪಾಪ. ಆದ್ರ ನಾ ಆ ಪೂಜಿ ದಿನದಿಂದನೂ ಅದರಾಗ ಕುಂತ್ರ ಕಾಲು ಎತ್ತಿ ಹಿಡ್ಕೊಂಡ, ಉಸುರು ಹಿಡ್ಕೊಂಡ ಕುಂದರ್ತೇನಿ. ಹೊಟ್ಟಿ ತೊಳಸಾಕ ಹತ್ತತೈತಿ."

ಕನ್ನಡಿಯಲ್ಲಿ ಅವಳ ಮುಖ ನೋಡಲು ಧೈರ್ಯವಾಗಲಿಲ್ಲ.

"ಅಕ್ಕಗ ಹೇಳಬ್ಯಾಡ ಮತ್ತ" ಎಂದಳು ಅವ್ವ. "ಅಕಿದು ಹೂವಿನಂಥ ಮನಸು. ಕೇಳಿದ್ರ ನಾಕ ದಿನ ಊಟ ಬಿಡ್ತಾಳ. ಅದಕ್ಕ ಇಷ್ಟ ದಿನ ನಿನ್ನ ಮುಂದೂ ಬಾಯಿ ಬಿಟ್ಟಿದ್ದಿಲ್ಲ."

ನನ್ನ ಮೇಲೆ ಅವ್ವನಿಗೆ ಇಷ್ಟು ಮಮತೆ ಇದೆಯೆಂದು ಹಿಂದೆಂದೂ ಕೇಳಿರಲಿಲ್ಲ. ಈಗ ಕೇಳಿದ್ದೂ ನನಗೆ ಹೇಳಿದ್ದಲ್ಲ, ತಂಗಿಗೆ ಹೇಳಿದ್ದು. ಅದಕ್ಕೂ ನನಗೆ ತಂಗಿಯ ಮೇಲೆಯೇ ಹೊಟ್ಟೆಕಿಚ್ಚಾಯಿತು. ಅಂಬೇವಾಡಿಯ ತಿರುವು ಬಂತು. ಇನ್ನೊಂದು ಗಳಿಗೆಗೆ ಬಾಗಿಲು ತೆರೆದು ಅವ್ವನನ್ನು ಇಳಿಸಿಕೊಳ್ಳಬೇಕು, ಅವಳ ಕಾಲು ನೆಲಕ್ಕೆ ಮುಟ್ಟುವಾಗ ನಾನು ಎಲ್ಲಿ ನೋಡಬೇಕು?

"ಹೇಳೂದಿಲ್ಲಲ್ಲ?" ಎಂದು ಅವ್ವ ಮತ್ತೆ ಕೇಳಿದಳು.

"ಇಲ್ಲ ಬೇ" ಎಂದೆ. "ಹೇಳಂಗಿಲ್ಲ."