ಅಮ್ಮ ಪಿಸುಗುಟ್ಟಲಿಲ್ಲ

ನನ್ನ ತಾಯಿ ಯಾರ ಕಿವಿಯಲ್ಲೂ ಯಾವತ್ತೂ ಪಿಸುಗುಟ್ಟಿದವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ನಮ್ಮಣ್ಣ ಬೀದಿ ತುಂಬ ಬೇರೆಯದೇ ಕಥೆ ಹೇಳಿಕೊಂಡು ತಿರುಗಿದ. ಕೇಳಿದವರೆಲ್ಲ ಕಣ್ಣೊರೆಸಿಕೊಂಡರು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು.

ಅಮ್ಮ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಕೆಳಗೆ ಗಿರಣಿ, ಮೇಲೆ ನಮ್ಮ ಎರಡು ಕೋಣೆ. ಯಂತ್ರ ಶುರುವಾದರೆ ಮೇಲಿನ ಕಪಾಟಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಅಪ್ಪ ತೀರಿಕೊಂಡಾಗ ನಾನಿನ್ನೂ ಅಮ್ಮನ ಸೊಂಟ ಬಿಟ್ಟಿಳಿಯದ ಕೂಸು. ಸವೆದ ಬೀಸುಕಲ್ಲಿಗೆ ಉಳಿಯಿಂದ ಕಚ್ಚು ಹಾಕುವುದು ಹೆಂಗಸರ ಕೈಲಿ ಆಗುವ ಕೆಲಸವಲ್ಲ, ಮುಚ್ಚಿಬಿಡು ಎಂದು ದೊಡ್ಡಪ್ಪ ಬುದ್ಧಿ ಹೇಳಲು ಬಂದನಂತೆ. ಅಮ್ಮ ಅವನ ಎದುರೇ ಕಲ್ಲು ಬಿಚ್ಚಿ ಇಳಿಸಿ, ಉಳಿ ಹಿಡಿದು ಕೂತಳಂತೆ. ಮೊದಲ ಸಲ ಹಿಟ್ಟು ಮರಳಿನ ಹಾಗೆ ಬಂತು. ಗಿರಾಕಿಗಳು ಗೊಣಗಿದರು. ‘ಇವತ್ತು ಹೀಗೇ. ನಾಳೆ ಬನ್ನಿ’ ಎಂದಳು. ಮರುದಿನವೂ ಬಂದರು. ಹತ್ತಿರದಲ್ಲಿ ಬೇರೆ ಗಿರಣಿ ಇರಲಿಲ್ಲವಲ್ಲ.

ಆ ಗದ್ದಲದಲ್ಲಿ ಉದ್ದ ಮಾತು ನಡೆಯುವುದಿಲ್ಲ. ಹಾಗಾಗಿ ಅಮ್ಮನ ಮಾತೆಲ್ಲ ತುಂಡು ತುಂಡು, ಅದೂ ಗಂಟಲು ಹರಿದುಹೋಗುವ ಹಾಗೆ. ಅವಸರ ಮಾಡುವವರಿಗೆ, ‘ರೈಲು ತಪ್ಪುತ್ತಾ?’ ಬಾಯೊಳಗೇ ಗೊಣಗುವವರಿಗೆ, ‘ಜೋರಾಗಿ ಹೇಳು, ಇಲ್ಲಾ ಬಿಡು!’ ನಾನು ಅತ್ತರೆ, ‘ಮೊದ್ಲು ಮುಖ ತೊಳಿ, ಆಮೇಲೆ ಅಳು!’ ನಮ್ಮ ಮುಖದ ಮೇಲೆ ಸದಾ ಹಿಟ್ಟು. ಕಣ್ಣೀರು ಬಿದ್ದರೆ ಕೆನ್ನೆಯ ಮೇಲೇ ಮುದ್ದೆ ಕಟ್ಟುತ್ತಿತ್ತು. ತೊಳೆದು ಬರುವಷ್ಟರಲ್ಲಿ ಯಾತಕ್ಕೆ ಅತ್ತೆನೆಂಬುದೇ ಮರೆತುಹೋಗುತ್ತಿತ್ತು. ಯಂತ್ರ ನಿಂತ ಮೇಲೂ ಅವಳ ದನಿ ಇಳಿಯುತ್ತಿರಲಿಲ್ಲ. ಬೀದಿಯವರು ಇಟ್ಟ ಹೆಸರು ಮೈಕಮ್ಮ. ಅಣ್ಣ ಮೊದಲ ಸಲ ಅತ್ತಿಗೆಯನ್ನು ಮನೆಗೆ ಕರೆತಂದಾಗ, ‘ಹಲ್ಲು ಸ್ವಲ್ಪ ಉಬ್ಬು, ಪರವಾಗಿಲ್ಲ’ ಎಂದು ಅವನಿಗೊಬ್ಬನಿಗೇ ಗುಟ್ಟಾಗಿ ಹೇಳಲು ಹೋದಳು. ಎದುರುಮನೆಯವರಿಗೂ ಕೇಳಿಸಿತು. ಅತ್ತಿಗೆ ಇವತ್ತಿಗೂ ಅದನ್ನು ಹೊಟ್ಟೆಗೆ ಹಾಕಿಕೊಂಡಿಲ್ಲ.

ಅಣ್ಣ ಓದಿ, ಇಸ್ತ್ರಿ ಅಂಗಿಯ ನೌಕರಿ ಹಿಡಿದು ಊರಿನ ಆಚೆ ತುದಿಗೆ ಹೋದ. ನಾನು ಅಮ್ಮನ ಜೊತೆ ಗಿರಣಿಯಲ್ಲೇ ಉಳಿದೆ. ಯಾರ ಬಲವಂತಕ್ಕೂ ಅಲ್ಲ. ನನಗೆ ಆ ಕೆಲಸ ಇಷ್ಟ. ಕಲ್ಲಿನಿಂದ ಬಿಸಿಬಿಸಿಯಾಗಿ ಇಳಿಯುವ ಹಿಟ್ಟನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡುವಾಗ ಆಗುವ ಖುಷಿ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಅಮ್ಮ ಆಸ್ಪತ್ರೆ ಸೇರಿದಾಗ ಹಗಲೂ ರಾತ್ರಿ ನಾನೇ ಇದ್ದೆ. ಒಂದು ಮಧ್ಯಾಹ್ನ ಮಾತ್ರ ಅಣ್ಣ ಬಂದು ಕೂತ, ನಾನು ಸ್ನಾನಕ್ಕೆಂದು ಮನೆಗೆ ಹೋಗಿದ್ದೆ. ಅಮ್ಮ ಹೋದದ್ದು ಮರುದಿನ ಬೆಳಿಗ್ಗೆ. ಅವಳು ಕಣ್ಣು ಬಿಟ್ಟು ಕಿಟಕಿಯ ಬಿಸಿಲು ನೋಡಿ, ‘ಇಷ್ಟು ಹೊತ್ತಾಯ್ತು, ಇಲ್ಲೇನು ಮಾಡ್ತಿದೀಯ? ಜನ ನಿಂತಿರ್ತಾರೆ, ಹೋಗಿ ಗಿರಣಿ ತೆಗಿ!’ ಎಂದು ಕೂಗಿದಳು. ವಾರ್ಡಿನವರೆಲ್ಲ ಎದ್ದು ಕೂತರು. ನರ್ಸಮ್ಮ ಓಡಿಬಂದು, ‘ಮೆಲ್ಲಗೆ ಹೇಳಿ ಅಜ್ಜಿ’ ಎಂದಳು.

‘ಮೆಲ್ಲಗೆ ಹೇಳಿದ್ರೆ ಇವಳು ಏಳ್ತಾಳಾ?’ ಎಂದಳು ಅಮ್ಮ.

ನಾನು ನಗುತ್ತಾ ಎದ್ದೆ. ಚೀಲ ಹೆಗಲಿಗೆ ಹಾಕಿಕೊಂಡು ತಿರುಗಿ ನೋಡುವಷ್ಟರಲ್ಲಿ ಅವಳು ಇರಲಿಲ್ಲ.

ಅದಾದ ಎರಡೇ ದಿನಕ್ಕೆ ಅಣ್ಣನ ಕಥೆ ಶುರುವಾಯಿತು. ಆ ಮಧ್ಯಾಹ್ನ ಅಮ್ಮ ಅವನನ್ನು ಹತ್ತಿರ ಕರೆದು, ಕಿವಿಯಲ್ಲಿ ಮೆಲ್ಲಗೆ, ‘ಗಿರಣಿ ಮುಚ್ಚಿಬಿಡು ಮಗಾ, ತಂಗೀನ ನಿನ್ನ ಮನೆಗೆ ಕರ್ಕೊಂಡು ಹೋಗು’ ಎಂದಳಂತೆ. ಅವನ ಮನೆಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕದ ಕೋಣೆಯನ್ನು ಆಗಲೇ ನನಗೆಂದು ಗುಡಿಸಿಟ್ಟಿದ್ದರು. ಕೊನೆಯಾಸೆ ಎಂದ ಮೇಲೆ ಮುಗಿಯಿತಲ್ಲ! ಯಾರು ಎದುರಾಡುತ್ತಾರೆ? ನಾನು ಕೇಳಿಸಿಕೊಂಡದ್ದನ್ನು ಹೇಳಿದರೆ ಅತ್ತಿಗೆ, ‘ಅದನ್ನ ಯಾರಾದ್ರೂ ಕೊನೇ ಮಾತು ಅಂತಾರಾ?’ ಎಂದಳು. ಬಂದುಹೋಗುವವರೆಲ್ಲ ನನ್ನ ತಲೆ ಸವರಿ, ಅಮ್ಮನ ಮಾತು ನಡೆಸಮ್ಮ ಎಂದರು.

ಅಮ್ಮನ ನೆನಪಿಗೆ ನಾಲ್ಕು ಮಾತಾಡಲು ಬೀದಿಯವರು ವಾಚನಾಲಯದ ಹಾಲಿನಲ್ಲಿ ಸೇರಿದರು. ಅಣ್ಣ ಮೈಕು ಹಿಡಿದು, ದನಿ ತಗ್ಗಿಸಿ, ಆ ಪಿಸುಮಾತನ್ನು ಮತ್ತೊಮ್ಮೆ ಹೇಳಿದ. ಮುಂದಿನ ಸಾಲಿನವರು ಮೂಗೊರೆಸಿಕೊಂಡರು. ನನಗೆ ಎಲ್ಲಿತ್ತೋ ಸಿಟ್ಟು, ಎದ್ದು ನಿಂತೆ. ಯಾರೋ ಮೈಕು ಕೊಡಲು ಬಂದರು. ಬೇಡವೆಂದೆ.

‘ಅಮ್ಮ ಮೆಲ್ಲಗೆ ಮಾತಾಡಿದ್ದನ್ನ ಕೇಳಿದೋರು ಯಾರಾದ್ರೂ ಇದೀರಾ? ಒಬ್ಬರಾದ್ರೂ ಕೈ ಎತ್ತಿ!’

ಯಾರೂ ಎತ್ತಲಿಲ್ಲ. ಹಿಂದಿನ ಸಾಲಿನಲ್ಲಿ ನಮ್ಮ ಬೀದಿಯ ಬಡಗಿ ಕಿಸಕ್ಕನೆ ನಕ್ಕ. ನಾನು ಅವಳ ಮಾತನ್ನು, ಅವಳಷ್ಟೇ ಗಟ್ಟಿಯಾಗಿ, ಕಿಟಕಿಯ ಗಾಜು ಅದುರುವಂತೆ ಒಪ್ಪಿಸಿದೆ: ‘ಹೋಗಿ ಗಿರಣಿ ತೆಗಿ!’ ಅಣ್ಣನ ಮುಖ ಬಿಳಿಚಿಕೊಂಡಿತು. ನಾನು ಅಲ್ಲಿಂದ ನೇರ ಬಂದು ಬಾಗಿಲು ತೆಗೆದು ಯಂತ್ರ ಹಾಕಿದೆ. ಹಾಲಿನಲ್ಲಿದ್ದ ಅರ್ಧ ಜನ ಮನೆಗೆ ಹೋಗಿ ಡಬ್ಬ ಹಿಡಿದು ಬಂದರು.

ಸ್ವಲ್ಪ ಹೊತ್ತಿಗೆ ಅಣ್ಣ ಬಂದ. ಏನೋ ಹೇಳಿದ. ಕೇಳಿಸಲಿಲ್ಲ. ಮತ್ತೆ ಹೇಳಿದ. ‘ಏನು?’ ಎಂದೆ. ಯಂತ್ರ ನಿಲ್ಲಿಸುತ್ತೇನೆಂದುಕೊಂಡಿರಬೇಕು. ನಾನು ಕ್ಯಾರೇ ಎನ್ನಲಿಲ್ಲ. ಕೊನೆಗೆ ಅವನು ಕುತ್ತಿಗೆಯ ನರ ಉಬ್ಬಿಸಿ ಕೂಗಿದ: ‘ನಂಗೆ ಏನೂ ಹೇಳ್ಲಿಲ್ಲ ಕಣೇ! ಕಣ್ಣೇ ಬಿಡ್ಲಿಲ್ಲ! ಅಷ್ಟೊತ್ತು ಕೈ ಹಿಡ್ಕೊಂಡು ಕೂತಿದ್ದೆ!’

ಸಾಲಿನಲ್ಲಿದ್ದವರು ನೆಲ ನೋಡಿದರು.

‘ಗಿರಣಿ ಮುಚ್ಚಲ್ಲ!’ ಎಂದೆ, ಅಷ್ಟೇ ಜೋರಾಗಿ.

‘ಮುಚ್ಚಬೇಡ!’ ಎಂದ. ಕಣ್ಣು ಕೆಂಪಾಗಿತ್ತು. ‘ನಿನ್ನ ಹತ್ರ... ನನ್ನ ಬಗ್ಗೆ ಏನಾದ್ರೂ ಅಂದ್ಳಾ?’

ಹೂಂ ಎನ್ನಬಹುದಿತ್ತು. ನಾಲಿಗೆಯ ತುದಿಗೇ ಬಂದಿತ್ತು; ಅವನಿಗೆ ಒಂದು ಒಳ್ಳೆಯ ಮಾತು ಸಿಕ್ಕಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಆದರೆ ಅವಳ ಬಾಯಿಗೆ ಇನ್ನೊಂದು ಸುಳ್ಳು ತುರುಕಲು ನನ್ನಿಂದಾಗಲಿಲ್ಲ.

‘ಇಲ್ಲ ಅಣ್ಣಾ!’ ಎಂದು ಕೂಗಿದೆ. ‘ಏನೂ ಅನ್ಲಿಲ್ಲ!’

ಅವನು ತಲೆಯಾಡಿಸಿದ. ಹೊರಟುಹೋಗುತ್ತಾನೆ ಎಂದುಕೊಂಡೆ. ಹೋಗಲಿಲ್ಲ. ಇಸ್ತ್ರಿ ಅಂಗಿಯ ತೋಳು ಮಡಚಿ, ಬಡಗಿಯ ಡಬ್ಬವನ್ನು ಹಿಟ್ಟು ಇಳಿಯುವ ಕಡೆ ಹಿಡಿದು, ಅದು ತುಂಬುವವರೆಗೂ ಅಲ್ಲೇ ನಿಂತ.