ಉಸಿರಿಗೆ ಕಿಂಡಿಯಿಲ್ಲದ ಹಾಡು

ಬಸ್ ಡಿಪೋದ ಬ್ಯಾಂಡಿನಲ್ಲಿ ಅವನಿಗೆ ಸ್ವರಬ್ರಹ್ಮ ಅಂತ ಹೆಸರಿಟ್ಟವನು ದೊಡ್ಡ ಡ್ರಮ್ ಬಾರಿಸುವ ಮೆಕ್ಯಾನಿಕ್. ಹೊಗಳಿಕೆಗೆ ಇಟ್ಟದ್ದಲ್ಲ. ಆದರೆ ಬ್ರಹ್ಮ ಅದನ್ನು ಎದೆಗೆ ಚುಚ್ಚಿದ ಪದಕದ ಹಾಗೆ ಹೊತ್ತು ತಿರುಗಿದ. ಹಗಲು ಟಿಕೆಟ್ ವಿಭಾಗದ ಗುಮಾಸ್ತ. ಸಂಜೆಯಾದರೆ ಅಡುಗೆಮನೆ ಮೇಜಿನಿಂದ ತರಕಾರಿ ಬುಟ್ಟಿ ಸರಿಸಿ, ಗಿಟಾರ್ ತೊಡೆಗೇರಿಸಿ, ಜನ ಹುಚ್ಚೆದ್ದು ಕೇಳುವ ರಾಕ್ ಹಾಡುಗಳನ್ನು ಮೆರವಣಿಗೆಯ ಬ್ಯಾಂಡಿಗೆ ಹೊಂದಿಸಿ ಬರೆಯುತ್ತಿದ್ದ. ಹಾಡುಗಾರನ ಕೂಗು ಟ್ರಂಪೆಟ್ಟಿಗೆ, ಗಿಟಾರಿನ ಓಟ ಕ್ಲಾರಿನೆಟ್ಟಿಗೆ. ತಾನು ಮಾತ್ರ ಬ್ಯಾಂಡಿನ ಜೊತೆ ನಾಲ್ಕು ಹೆಜ್ಜೆ ನಡೆದವನಲ್ಲ. ಒಲೆ ಹಚ್ಚದವನಿಗೇ ತಾನೆ ಉಪ್ಪಿನ ಚಿಂತೆ ಜಾಸ್ತಿ.

ಅವನ ಹೆಂಡತಿ ಅದೇ ಡಿಪೋದ ಕಂಡಕ್ಟರ್, ಬ್ಯಾಂಡಿನ ಮುಂದಿನ ಸಾಲಿನ ಕ್ಲಾರಿನೆಟ್. ಹೆರಿಗೆ ರಜೆ ಮುಗಿಸಿ ಬಂದು ಎರಡು ವಾರವಾಗಿತ್ತಷ್ಟೆ. ಬ್ಯಾಂಡ್ ಮಾಸ್ಟರ್ ಮೆತ್ತಗೇ ಹೇಳಿದ್ದರು: ಶನಿವಾರದ ಅಭ್ಯಾಸದಲ್ಲಿ ಹೊಸ ಹಾಡನ್ನು ತುದಿ ಮುಟ್ಟಿಸಿದರೆ ಡಿಪೋದ ವಾರ್ಷಿಕ ಮೆರವಣಿಗೆಯಲ್ಲಿ ಆ ಜಾಗ ಅವಳದ್ದೇ, ಇಲ್ಲದಿದ್ದರೆ ಬಾವುಟ ಹಿಡಿದು ನಡೆಯಲಿ. ಹದಿಮೂರು ವರ್ಷ ಕ್ಲಾರಿನೆಟ್ ಹಿಡಿದ ಬೆರಳಿಗೆ ಬಾವುಟದ ಕೋಲು!

ಹಾಡಿನ ನಡುವಿನ ಗಿಟಾರ್ ಓಟವನ್ನು ಬ್ರಹ್ಮ ಒಂದೆಳೆಯೂ ಬಿಡದೆ ಇಳಿಸಿದ್ದ. ನಡೆಯುತ್ತಾ ನುಡಿಸಿದರೆ ಅರವತ್ತನಾಲ್ಕು ಹೆಜ್ಜೆ, ಉಸಿರಿಗೊಂದು ಕಿಂಡಿಯಿಲ್ಲ. ಗಿಟಾರಿಗೇನು, ಅದಕ್ಕೆ ಮೂಗಿದೆಯೇ ಬಾಯಿದೆಯೇ. ಸೋಮವಾರ ನುಡಿಸುವಾಗ ಉಳಿದ ಕ್ಲಾರಿನೆಟ್ಟಿನವರು ಊದಿದ ಹಾಗೆ ಕೆನ್ನೆ ಉಬ್ಬಿಸಿ ಪಾರಾದರು. ಅವಳು ನಿಜವಾಗಿ ಊದಿದಳು, ಅರ್ಧದಲ್ಲೇ ನಿಂತಳು.

ಮನೆಗೆ ಬಂದು ಉಸಿರಿಗೆ ಎರಡೇ ಎರಡು ಬಿಡುವು ಕೇಳಿದಳು. ಮೂಲದಲ್ಲಿ ಬಿಡುವಿಲ್ಲ, ಕಲೆಯಲ್ಲಿ ರಾಜಿಯಿಲ್ಲ, ಬೇಕಾದರೆ ಬೆಲೂನ್ ಊದಿ ಅಭ್ಯಾಸ ಮಾಡು ಅಂದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಬಟ್ಟೆ ಮಡಚುತ್ತಿದ್ದ ಅತ್ತೆ ತಲೆಯೆತ್ತದೆ ಅಂದರು, "ಚಿಕ್ಕವನಿದ್ದಾಗಲೂ ಹೀಗೇ. ಅಳೋಕೆ ಶುರು ಮಾಡಿದ್ರೆ ಉಸಿರೇ ಎಳ್ಕೊಳ್ತಿರಲಿಲ್ಲ. ನೀಲಿಗೆ ತಿರುಗಿದ ಮೇಲೆ ಬೆನ್ನಿಗೊಂದು ಕೊಡ್ತಿದ್ದೆ."

ಜಗಳಕ್ಕೆ ಖರ್ಚು ಮಾಡುವಷ್ಟು ಉಸಿರು ಸೊಸೆಯ ಹತ್ತಿರ ಇರಲಿಲ್ಲ. ಮಾರನೇ ಬೆಳಿಗ್ಗೆ ಮಗು ರಚ್ಚೆ ಹಿಡಿದಾಗ ಎತ್ತಿ ಗಂಡನ ಕೈಗಿಟ್ಟಳು.

"ನಡೀತಾ ಹಾಡಿದ್ರೆ ಸುಮ್ಮನಾಗುತ್ತೆ. ನಿಮ್ಮ ಆ ಓಟಾನೇ ಹಾಡಿ. ಮಧ್ಯ ನಿಲ್ಲಿಸಬೇಡಿ, ಮತ್ತೆ ಶುರು ಮಾಡುತ್ತೆ."

ಬ್ರಹ್ಮ ಬಾಗಿಲಿಂದ ಹಿತ್ತಿಲಿಗೆ ಪರಪರ ಅಂತ ಹಾಡುತ್ತಾ ಹೊರಟ. ಮಗು ಬಾಯಿ ಮುಚ್ಚಿ ಕೇಳಿತು. ಬಚ್ಚಲ ಬಾಗಿಲ ಹತ್ತಿರ ಅವನು ಗಾಳಿ ಎಳೆದುಕೊಂಡ, ಮಗು ಕಿಟಾರನೆ ಕಿರುಚಿತು. ಮತ್ತೆ ಮೊದಲಿಂದ. ಮತ್ತೆ ಬಚ್ಚಲ ಬಾಗಿಲು, ಮತ್ತೆ ಕಿರುಚಾಟ. ಮೂರನೇ ಸುತ್ತಿಗೆ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕುಸಿದು ಕೂತ. ಮುಖ ಬೀಟ್‌ರೂಟ್ ಆಗಿತ್ತು.

ಹಾಲು ಕಾಯಿಸುತ್ತಾ ಹೆಜ್ಜೆ ಎಣಿಸುತ್ತಿದ್ದವಳು ಕೇಳಿದಳು, "ಇಪ್ಪತ್ತೆರಡು. ಮೂಲದಲ್ಲಿ ಎಷ್ಟಿತ್ತು?"

ಮಗು ವಯಸ್ಸಿಗೆ ಮೀರಿ ಭಾರ ಇದೆ ಅಂದ ಬ್ರಹ್ಮ. ಆದರೆ ಸಂಜೆ ರಬ್ಬರ್ ಹುಡುಕಿದ. ಇಪ್ಪತ್ತೆರಡನೇ ಹೆಜ್ಜೆಗೊಂದು, ನಲವತ್ತನಾಲ್ಕಕ್ಕೊಂದು ಕಿಂಡಿ ಕೊರೆದು, ಸೋತದ್ದು ಕಾಣದಿರಲೆಂದು ಮೇಲೆ ಕೆಂಪು ಶಾಯಿಯಲ್ಲಿ 'ನಾಟಕೀಯ ಮೌನ' ಅಂತ ಬರೆದ. ಅಲ್ಲಿ ಡ್ರಮ್ ಒಂದೇ ಪೆಟ್ಟು. ಶನಿವಾರ ಅವಳು ತುದಿ ಮುಟ್ಟಿಸಿದಳು. ಬಾವುಟ ಇನ್ಯಾರದೋ ಪಾಲಾಯಿತು.

ಮೆರವಣಿಗೆಯಲ್ಲಿ ಜನ ಸಿಳ್ಳೆ ಹೊಡೆದದ್ದು ಆ ಎರಡು ಮೌನಕ್ಕೇ. ಅದು ಹೇಗೆ ಹೊಳೆಯಿತು ಅಂತ ಡಿಪೋ ಮ್ಯಾನೇಜರ್ ಬಂದು ಕೇಳಿದರು. ಬ್ರಹ್ಮ ಕಣ್ಣು ಅರೆಮುಚ್ಚಿದ. ಕಲಾವಿದನಿಗೆ ಸ್ವರಕ್ಕಿಂತ ಮೌನ ದೊಡ್ಡದು, ತನಗೆ ಚಿಕ್ಕಂದಿನಿಂದಲೂ ಹಾಗೇ ಅಂತ ಶುರು ಹಚ್ಚಿಕೊಂಡ. ಹೆಂಡತಿ ಪಕ್ಕದಲ್ಲೇ ಕ್ಲಾರಿನೆಟ್ ಒರೆಸುತ್ತಿದ್ದಳು.

ಅಷ್ಟರಲ್ಲಿ ಅತ್ತೆ ಗುಂಪು ಸೀಳಿಕೊಂಡು ಬಂದು, ಅಳುತ್ತಿದ್ದ ಮಗುವನ್ನು ಮಗನ ಕೈಗೆ ದಬ್ಬಿದರು. ವಾರದಿಂದ ರೂಢಿಯಾದ ಕಾಲು ತಾನಾಗಿ ನಡೆಯಿತು, ಬಾಯಿ ತಾನಾಗಿ ಪರಪರ ಅಂದಿತು. ಮ್ಯಾನೇಜರ್ ನೋಡುತ್ತಾ ನಿಂತರು. ಮೆಕ್ಯಾನಿಕ್ ಡ್ರಮ್ಮಿನ ಕೋಲೆತ್ತಿ ಹೆಜ್ಜೆ ಎಣಿಸುತ್ತಿದ್ದ. ಇಪ್ಪತ್ತೆರಡಕ್ಕೆ ಸರಿಯಾಗಿ ಬ್ರಹ್ಮ ಬಾಯಿ ಕಳೆದು ಗಾಳಿ ಎಳೆದುಕೊಂಡ.

ಢಂ.